ಖಾಲಿ ಡಬ್ಬಿಯ ಸಾಕ್ಷಿ

ಆ ದಿನಗಳಲ್ಲಿ ಇಂಡಿ ಪಟ್ಟಣದ ಬಸ್ ನಿಲ್ದಾಣದಲ್ಲಿ ಬೆಳಗಿನ ಹೊತ್ತು ಕಣ್ಣು ಮುಚ್ಚಿ ನಿಂತರೂ, ಯಾವ ಊರಿನಲ್ಲಿ ಇಂದು ಯಾವ ಪಲ್ಯ ಎಂಬುದು ಮೂಗಿಗೆ ತಿಳಿಯುತ್ತಿತ್ತು. ಪಟ್ಟಣದಲ್ಲಿ ಕೋಣೆ ಹಿಡಿದು ಓದುವ ಮಕ್ಕಳಿಗೆ ಹಳ್ಳಿಯ ತಾಯಂದಿರು ಬಸ್ಸಿನಲ್ಲೇ ಬುತ್ತಿ ಕಳಿಸುತ್ತಿದ್ದರು. ಡ್ರೈವರನ ಪಕ್ಕ, ಇಂಜಿನ್ನಿನ ಮೇಲೆ, ಬಟ್ಟೆಯಲ್ಲಿ ಕಟ್ಟಿದ ಡಬ್ಬಿಗಳು ಟಿಕೀಟಿಲ್ಲದ ಗೌರವಾನ್ವಿತ ಪ್ರಯಾಣಿಕರಂತೆ ಬೆಚ್ಚಗೆ ಕುಳಿತು ಬರುತ್ತಿದ್ದವು. ಸಂಜೆಯ ಬಸ್ಸಿಗೆ ಅವು ಮರಳಬೇಕು. ಫೋನು ಅಪರೂಪವಾಗಿದ್ದ ಕಾಲಕ್ಕೆ ಅದೇ ಕ್ಷೇಮಸಮಾಚಾರ: ಡಬ್ಬಿ ಬರಿದಾಗಿದ್ದರೆ ಮಗು ಸುಖವಾಗಿದೆ, ರೊಟ್ಟಿ ಉಳಿದಿದ್ದರೆ ಏನೋ ಆಗಿದೆ.

ನಮ್ಮ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿದ್ದ ನೀಲಾ ಲಚ್ಯಾಣವೆಂಬ ಹಳ್ಳಿಯ ಹುಡುಗಿ, ಬಿ.ಎಸ್ಸಿ. ಮೊದಲ ವರ್ಷ. ಅವಳ ಡಬ್ಬಿ ದಿನವೂ ಬೆಳಗಿದ ಕನ್ನಡಿಯಂತೆ ಮರಳುತ್ತಿತ್ತು. ಅದನ್ನು ಬಸ್ಸಿಗೆ ಮುಟ್ಟಿಸುವ ನಾನೂ ಆಗಾಗ 'ಮಗಳು ಚೆನ್ನಾಗಿ ಉಣ್ಣುತ್ತಿದ್ದಾಳೆ' ಎಂದು ಚೀಟಿ ಬರೆದಿಟ್ಟು ಹಿಗ್ಗುತ್ತಿದ್ದೆ.

ಹಾಗೆ ಹಿಗ್ಗುತ್ತಿರುವಾಗಲೇ ನೀಲಾಳ ಬಳೆಗಳು ಮೊಣಕೈವರೆಗೆ ಜಾರತೊಡಗಿದ್ದು ಕಣ್ಣಿಗೆ ಬಿತ್ತು. ಜೊತೆಗೆ ಪಕ್ಕದ ಮನೆಯ ಎಮ್ಮೆ, ಹಸಿ ಮೇವನ್ನೂ ಮೂಸದೆ, ಮಧ್ಯಾಹ್ನ ಒಂದಾಗುತ್ತಲೇ ಗಂಟೆಗೆ ಓಗೊಡುವ ಶಿಸ್ತಿನ ವಿದ್ಯಾರ್ಥಿನಿಯಂತೆ ನಮ್ಮ ಹಿತ್ತಲ ಮೆಟ್ಟಿಲ ಬುಡಕ್ಕೆ ಬಂದು ನಿಲ್ಲುತ್ತಿತ್ತು.

"ಏನ್ರಿ ಅಕ್ಕಾರ, ನಮ್ಮ ಎಮ್ಮಿಗೆ ಏನ್ ಮಾಟ ಮಾಡೀರಿ? ಹಾಲಿಗೆ ಶೇಂಗಾ ಚಟ್ನಿ ವಾಸನಿ ಬರಾಕತ್ತೈತಿ!" ಎಂದು ಅದರ ಒಡತಿ ಗೋಡೆಯಾಚೆಯಿಂದ ನಗೆಯಾಡಿದಾಗ ನಾನೂ ನಕ್ಕೆ. ನಕ್ಕು, ಮರುದಿನ ಒಂದು ಗಂಟೆಗೆ ಹಿತ್ತಲಿಗೆ ಹೋದೆ.

ನೀಲಾ ಮೆಟ್ಟಿಲ ಮೇಲೆ ಕುಳಿತು ರೊಟ್ಟಿ ಮುರಿಮುರಿದು ಎಮ್ಮೆಯ ಬಾಯಿಗಿಡುತ್ತಿದ್ದಳು.

"ಹತ್ತ ದಿನಾತ್ರಿ ಕಾಕೂ, ಕಾಲೇಜಿಗೆ ಹೋಗಿಲ್ಲ," ಎಂದಳು, ನಾನು ಕೇಳದೆಯೇ. "ಎಲ್ಲಾ ಇಂಗ್ಲಿಷಿನ್ಯಾಗ ಹೇಳ್ತಾರ. ಸರ್ ಎಬ್ಬಿಸಿ ಕೇಳಿದ್ರು, ಸುಮ್ನ ನಿಂತೆ, ಕ್ಲಾಸೆಲ್ಲಾ ನಕ್ಕಿತು. ತುತ್ತ ಗಂಟಲದಾಗ ಇಳೀವಲ್ದು. ಸಾಲಿ ಬಿಡ್ತೇನ್ರಿ, ಆದ್ರ ಅವ್ವಗ ಹೆಂಗ ಹೇಳ್ಲಿ? ಒಂದ ರೊಟ್ಟಿ ಉಳಿದ್ರ ಹೆದರ್ತಾಳ."

ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಕಣ್ಣೀರನ್ನು ಕರವಸ್ತ್ರದಷ್ಟೇ ಅಚ್ಚುಕಟ್ಟಾಗಿ ಮಡಿಚಿಡಲು ಕಲಿಸಿದ್ದರು. ಆ ಕಲಿಕೆಯ ಬಲದಲ್ಲಿ "ಧೈರ್ಯದಿಂದ ಇರಬೇಕವಾ" ಎಂದುಬಿಟ್ಟೆ. ಅವಳು ವಿನಯದಿಂದ ತಲೆಯಾಡಿಸಿದಳು. ಮತ್ತೊಂದು ತುಣುಕು ಎಮ್ಮೆಗೆ ಹೋಯಿತು. ಉಪದೇಶಗಳ ಗತಿ ಸಾಮಾನ್ಯವಾಗಿ ಇಷ್ಟೇ, ಅಲ್ಲವೇ? ಈ ವಯಸ್ಸಿನ ಮಕ್ಕಳು ಅತಿ ದೊಡ್ಡ ಸುಳ್ಳನ್ನು ಅತಿ ಪ್ರೀತಿಯವರಿಗಾಗಿಯೇ ಕಾದಿರಿಸುತ್ತಾರೆ; ನಾವು ದೊಡ್ಡವರೋ, ಪಾತ್ರೆ ಖಾಲಿ ಕಂಡರೆ ಸಾಕು, ಮುಖ ನೋಡುವ ಗೋಜಿಗೆ ಹೋಗುವುದಿಲ್ಲ.

"ಇವತ್ತ ಡಬ್ಬಿ ಇದ್ದಂಗ ಕಳಸೂಣೇನು?" ಎಂದೆ.

ಅವಳು ಎಮ್ಮೆಗೆ ಚಾಚಿದ್ದ ತುಣುಕನ್ನು ಡಬ್ಬಿಗೆ ಮರಳಿಸಿದಳು. ಸಂಜೆ, ಉಳಿದ ಮೂರು ರೊಟ್ಟಿಗಳ ಮೇಲೆ ಮುಚ್ಚಳವಿಟ್ಟು, ಬಟ್ಟೆಯ ಗಂಟನ್ನು ತಾನೇ ಬಿಗಿದಳು.

ಮರುದಿನ ಬಸ್ಸಿನಲ್ಲಿ ನೀಲಾಳ ಬುತ್ತಿ ಬರಲಿಲ್ಲ. ಅವಳ ಅವ್ವ ಗೌರವ್ವನೇ ಬಂದರು. ಮಾಳಿಗೆ ಹತ್ತಿ, ಮಗಳ ಪಕ್ಕ ಕುಳಿತು, "ಏನವಾ, ರೊಟ್ಟಿ ಬಿರುಸಾಗಿದ್ವೇನು?" ಎಂದರು. ಅಷ್ಟಕ್ಕೇ ಹತ್ತು ದಿನದ ಅಳು ಒಡೆಯಿತು. ಎಲ್ಲ ಕೇಳಿಸಿಕೊಂಡ ಮೇಲೆ ಗೌರವ್ವ ಸೆರಗಿನಿಂದ ಮಗಳ ಮುಖ ಒರೆಸಿದರು.

"ನಕ್ರೇನು? ನಾ ಲಗ್ನಾಗಿ ಬಂದಾಗ ನನ್ನ ಸೊಟ್ಟ ರೊಟ್ಟಿ ನೋಡಿ ನಗಾಕ ನಿಮ್ಮಜ್ಜಿ ಓಣಿಮಂದೀನೆಲ್ಲಾ ಕರದಿದ್ಳು! ಬಿಡ್ತೇನಂದ್ರ ಬಿಡು, ನಾ ಬೈಯಂಗಿಲ್ಲ. ಆದ್ರ ಉಣಲಾರದ ಡಬ್ಬಿ ಖಾಲಿ ಮಾಡಿ ಕಳಸಬ್ಯಾಡ, ನನ್ನವ್ವ." ಆಮೇಲೆ ನನ್ನತ್ತ ತಿರುಗಿ, "ನೀವೂ ಭಾಳ ಚಂದ ಬರೀತೀರಿ ಬಿಡ್ರಿ ಅಕ್ಕಾರ, ಚೀಟಿ," ಎಂದರು. ನಾನು ಚಹಾದ ನೆಪ ಹೇಳಿ ಕೆಳಗಿಳಿದೆ.

ಬಿಡುವುದೋ, ಹೋಗುವುದೋ, ಮೂರು ದಿನ ಯಾರೂ ಕೇಳಲಿಲ್ಲ. ತಾಯಿ ರೊಟ್ಟಿ ಬಡಿದರು, ಮಗಳು ಉಂಡಳು, ನಿದ್ದೆ ಮಾಡಿದಳು. ಎಮ್ಮೆ ಮುನಿಸಿಕೊಂಡು ಮೇವಿಗೆ ಮರಳಿತು. ನಾಲ್ಕನೆಯ ಬೆಳಿಗ್ಗೆ ನೀಲಾ ತಾನಾಗಿ ಜಡೆ ಹೆಣೆದುಕೊಂಡು ಪುಸ್ತಕ ಎತ್ತಿಕೊಂಡಳು.

ಸಂಜೆ ಎರಡೆರಡು ಮೆಟ್ಟಿಲು ಹಾರಿ ಬಂದಳು. "ಸರ್ ಮತ್ತ ನನ್ನನ್ನ ಎಬ್ಬಿಸಿದ್ರು ಕಾಕೂ! 'ತಿಳೀಲಿಲ್ರಿ ಸರ, ಒಂದ ಸಲ ಕನ್ನಡದಾಗ ಹೇಳ್ರಿ' ಅಂದೆ."

"ನಕ್ರೇನು?" ಎಂದರು ಗೌರವ್ವ.

"ನಕ್ರು. ಆಮ್ಯಾಲ ಹಿಂದಿನ ಬೆಂಚಿನ್ಯಾಗ ನಾಕ ಮಂದಿ ಎದ್ದ ನಿಂತು, 'ನಮಗೂ ತಿಳೀಲಿಲ್ರಿ' ಅಂದ್ರು."