ಸಪ್ಪಳವಿಲ್ಲದ ಕೆಂಪು ಕಾರು

ತಂಗಿಯ ಮಗಳು ಮಾಸ್ತರಿಕೆಯ ಸಂಬಳದಲ್ಲೇ ಸ್ಪೋರ್ಟ್ಸ್ ಕಾರು ಕೊಂಡಿದ್ದಾಳೆ. ನಿನ್ನೆ ಅದರಲ್ಲಿ ಶಹಾಪುರದಿಂದ ಸುರಪುರಕ್ಕೆ ಹೋದೆ. ಮೆತ್ತನೆಯ ಸೀಟು, ತಣ್ಣನೆಯ ಗಾಳಿ. ಇಂಜಿನ್ನಿನ ಸದ್ದೇ ಇಲ್ಲ. ನನಗೆ ಅನುಮಾನ ಬಂತು.

ನಮ್ಮಪ್ಪ ಗ್ಯಾರೇಜ್ ಇಟ್ಟಿದ್ದರು. ಯಾವ ಗಾಡಿ ಬಂದರೂ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ಕೇಳುತ್ತಿದ್ದರು. ಸ್ಪೋರ್ಟ್ಸ್ ಕಾರೆಂದರೆ ಎಲುಬು ಕುಲುಕಿ ಕಿವಿ ಗುಂಯ್ ಎನ್ನಬೇಕಿದ್ದ ಕಾಲವದು. ಒಮ್ಮೆ ದಲ್ಲಾಳಿಯೊಬ್ಬ ಅಂಥದ್ದೇ ಒಂದು ಹಳೆಯ ಕೆಂಪು ಕಾರನ್ನು ಮಾರಲು ತಂದ. ಅಪ್ಪನಿಗೆ ಅಂಥ ಕಾರಿನ ಮೇಲೆ ಮೊದಲಿನಿಂದಲೂ ಕಣ್ಣಿತ್ತು.

"ಕೇಳ್ರಿ ಉಸ್ತಾದ್, ಗೇರ್ ಹಾಕಿದ್ದೂ ಗೊತ್ತಾಗಂಗಿಲ್ಲ," ಎಂದ ದಲ್ಲಾಳಿ.

"ಓಡೂ ಗಾಡಿ ಮಾತಾಡಬೇಕಪಾ. ಇದರ ಬಾಯಾಗ ಯಾರೋ ಅರಿವಿ ತುರುಕ್ಯಾರ," ಎಂದರು ಅಪ್ಪ.

ಗೇರ್‌ಬಾಕ್ಸಿನ ಎಣ್ಣೆ ಇಳಿಸಿದರೆ ಅದರೊಂದಿಗೆ ಕಟ್ಟಿಗೆಯ ಪುಡಿ ಗಂಜಿಯಂತೆ ಸುರಿಯಿತು. ಗೇರಿನ ಸವೆದ ಹಲ್ಲುಗಳ ಸಪ್ಪಳ ಕೇಳಿಸದಿರಲೆಂದು ಯಾರೋ ತುಂಬಿದ್ದರು. ಅಪ್ಪ ಕಾರಿನಡಿಯಿಂದ ಹೊರಬರುವಷ್ಟರಲ್ಲಿ ದಲ್ಲಾಳಿ ಚಹಾದಂಗಡಿ ದಾಟಿದ್ದ.

"ಇದ್ಯಾಕವ್ವಾ ಇಷ್ಟು ಸುಮ್ಮನೈತಿ?" ಎಂದು ನಿನ್ನೆ ತಂಗಿಯ ಮಗಳನ್ನು ಕೇಳಿದೆ.

"ಸಪ್ಪಳ ಬೇಕೇನ್ರಿ ದೊಡ್ಡವ್ವ?" ಎಂದು ಹುಡುಗಿ ಒಂದು ಗುಂಡಿ ಒತ್ತಿದಳು. ಹಾಡು ಬರುವ ಸ್ಪೀಕರಿನಿಂದಲೇ ಇಂಜಿನ್ನು ಗುಡುಗಿತು.

ಸುರಪುರ ಬಂತು. ಇಳಿಯುವಾಗ ಒಂದೇ ಕೇಳಿದೆ:

"ಗಾಡ್ಯಾಗ ಉದ್ದಂದೊಂದು ಸ್ಕ್ರೂಡ್ರೈವರ್ ಐತೇನವ್ವಾ?"