ಹಗಲಿನ ಕರೆಂಟು
ಝರಾಸಂಗಂ ಹತ್ತಿರದ ಸಬ್‌ಸ್ಟೇಷನ್ನಿನಲ್ಲಿ ಇಪ್ಪತ್ತು ವರ್ಷದಿಂದ ಫೋನೆತ್ತುತ್ತಿರುವ ಆಪರೇಟರ್ ನಂದಕಿಶೋರನಷ್ಟು ಬೈಗುಳ ತಿಂದವರು ಆ ಸೀಮೆಯಲ್ಲೇ ಇರಲಿಕ್ಕಿಲ್ಲ. ಕರೆಂಟು ಹೋದರೆ ಮೊದಲು ಅವನಿಗೆ ಬೈದೇ ಜನ ದೀಪ ಹುಡುಕುವುದು. ಒಂದನ್ನೂ ಎದೆಗೆ ಹಚ್ಚಿಕೊಳ್ಳದ ಅವನ ಬಾಯಿಂದ, ಜಹೀರಾಬಾದಿನ ಮಾವ ಫೋನು ಮಾಡಿದರೂ, ಮೊದಲು ಹೊರಡುವುದು "ಈಗ ಬರ್ತದ್ರಿ, ಜರಾ ತಡೀರಿ" ಎಂಬ ಮಾತೇ. ಬೈಯುವುದರಲ್ಲಿ ಎಲ್ಲರಿಗಿಂತ ಜೋರೆಂದರೆ ಶುಂಠಿ ಬೆಳೆಯುವ ಬಂಡಮ್ಮ. ಹೊಲದ ಪಂಪಿಗೆ ಕರೆಂಟು ಬರುತ್ತಿದ್ದದ್ದು ರಾತ್ರಿ ಮಾತ್ರ. "ಹಗಲೊತ್ತು ಕೊಡ್ರೋ ಕರೆಂಟು" ಎಂದು ಅವಳು ಬೈದದ್ದನ್ನೆಲ್ಲ ಒಂದಕ್ಷರ ಬಿಡದೆ ಬರೆದು ಅವನು ಮೇಲಿನವರಿಗೆ ಕಳಿಸುತ್ತಿದ್ದ. ಕೊನೆಗೆ ಹೋದ ವರ್ಷ ಪಕ್ಕದ ಬರಡು ದಿನ್ನೆಯ ಮೇಲೆ ಸೋಲಾರ್ ಪ್ಲಾಂಟು ಎದ್ದಿತು. ಉದ್ಘಾಟನೆಗೆ ಬಂದ ಸಾಹೇಬರು ಅಗ್ಗದ ದರ, ಸರ್ಕಾರದ ನೀತಿ, ಕಲ್ಲಿದ್ದಲ ಹೊಗೆ ಎಂದು ಕಾರಣ ಎಣಿಸಿದಾಗ ಇವನು, "ಖರೇ ಅದರಿ. ಬಂಡಮ್ಮನ ಬಾಯಿನೂ ಬರ್ಕೋರಿ" ಅಂದ. ಮರುದಿನ ಬೆಳಿಗ್ಗೆ ಒಂಬತ್ತಕ್ಕೇ ಪಂಪ್‌ಸೆಟ್ಟುಗಳಿಗೆ ಕರೆಂಟು ಬಂತು. ತುಸು ಹೊತ್ತಿಗೆ ಬಂಡಮ್ಮನ ಫೋನು. ಅವನು ರೂಢಿಯಂತೆ "ಈಗ ಬರ್ತದ್ರಿ" ಅನ್ನುವಷ್ಟರಲ್ಲಿ ಅವಳೇ ಮೆಲ್ಲಗೆ ಹೇಳಿದಳು: "ಬಂದದಪಾ. ಕತ್ತಲಾದ್ರ ನನಗ ಕಣ್ಣ ಕಾಣಂಗಿಲ್ಲ. ರಾತ್ರಿ ನೀರು ಬಿಡಾಕ ಇಷ್ಟು ವರ್ಷ ಮಂದಿ ಕೈಕಾಲು ಹಿಡ್ದೀನಿ. ಇವತ್ತ ನನ್ನ ಹೊಲಕ್ಕ ನಾನೇ ಬಿಟ್ಟೀನಿ. ನಿಂದು ಊಟ ಆತೇನಪಾ?" ಇಷ್ಟು ವರ್ಷ ಆ ದನಿ ಕೇಳಿಯೂ ಅವಳ ಕಣ್ಣಿನ ಸಂಗತಿಯೊಂದು ಅವನಿಗೆ ಗೊತ್ತಿರಲಿಲ್ಲ. "ಈಗ ಉಣ್ತೀನವ್ವಾ" ಅಂದ.