ಚಾಲೂ ಇಟ್ಟ ಗಾಡಿ

ನಮ್ಮ ಮನೆಯ ದೊಡ್ಡ ಗಾಡಿ ಲೀಟರಿಗೆ ಬರೀ ಏಳೂವರೆ ಕಿಲೋಮೀಟರ್ ಕೊಡುತ್ತದೆ ಎಂಬುದನ್ನು ನಮ್ಮ ಯಜಮಾನರು ಕಂಡುಹಿಡಿದದ್ದು ಹೋದ ಬೇಸಿಗೆಯಲ್ಲಿ. ಹದಿನಾಲ್ಕು ವರ್ಷದಿಂದ ಅದನ್ನು ಓಡಿಸುತ್ತಿರುವವರು ಅವರೇ. ಊಟಕ್ಕೆ ಕೂತು ರೊಟ್ಟಿ ಮುರಿಯುತ್ತ, "ಇದು ಗಾಡಿ ಅಲ್ಲ, ಡೀಸೆಲ್ ಕುಡಿಯೋ ಎಮ್ಮಿ. ಕೊಟ್ಟುಬಿಡ್ತೀನಿ," ಅಂದರು. ಪತ್ತಿಕೊಂಡದ ಟೊಮೊಟೊ ವ್ಯಾಪಾರಿಯೊಬ್ಬರು ಕೇಳಿದ್ದಾರಂತೆ, ತಿಂಗಳ ಕೊನೆಗೆ ಬಂದು ನೋಡುತ್ತಾರಂತೆ.

ಅತ್ತೆಯವರ ಕೈ ತಾಟಿನಲ್ಲೇ ನಿಂತಿತು. ಶೇಂಗಾ ಹಿಂಡಿಯನ್ನು ಬೆರಳಿನಿಂದ ಒಂದು ಕಡೆಗೆ ಸರಿಸಿದರು, ಅಷ್ಟೇ.

ಅವರಿಗೆ ಎರಡೂ ಮೊಣಕಾಲು ಮಡಚಲು ಬರುವುದಿಲ್ಲ. ಮೈದುನನ ಸಣ್ಣ ಕಾರಿನಲ್ಲಿ ಒಂದೇ ಸಲ ಕೂತಿದ್ದರು. ಇಳಿಸುವಾಗ ಮೂರು ಜನ ಎಳೆಯಬೇಕಾಯಿತು, ಎದುರಿನ ಮನೆಯವರು ಬಾಗಿಲಿಗೆ ಬಂದು ನಿಂತು ನೋಡಿದರು. ಅವತ್ತೇ ಆ ಕಾರಿಗೆ ಕೈ ಮುಗಿದರು. ದೊಡ್ಡ ಗಾಡಿಯ ಮಾತು ಬೇರೆ. ಆದೋನಿಯ ನಮ್ಮ ಮನೆಯ ಮುಂದಿನ ಕಲ್ಲಿನ ಕಟ್ಟೆ ಸರಿಯಾಗಿ ಅದರ ಒಳನೆಲದಷ್ಟೇ ಎತ್ತರ. ಕಟ್ಟೆಗೆ ಒತ್ತಿ ನಿಲ್ಲಿಸಿದರೆ ಅತ್ತೆ ಹೊಸಿಲು ದಾಟಿದಂತೆ ದಾಟಿ ಮುಂದಿನ ಸೀಟಿನಲ್ಲಿ ಕೂರುತ್ತಾರೆ, ಸೆರಗು ಸರಿಮಾಡಿಕೊಳ್ಳುತ್ತಾರೆ, "ಹೂಂ, ನಡೀರಿ" ಅನ್ನುತ್ತಾರೆ. ಈ ಗಾಡಿ ಹೋಯಿತೆಂದರೆ ಅವರ ತಿರುಗಾಟ ಕಟ್ಟೆಯ ತನಕ ಮಾತ್ರ.

"ಲೀಟರಿಗೆ ಹತ್ತು ಕೊಟ್ಟರ ಇಟ್ಕಂತೀರೇನು?" ಎಂದು ಇವರನ್ನು ಕೇಳಿದೆ.

"ಹತ್ತಾ? ನೀ ಓದಿದ ಕಾನ್ವೆಂಟಿನ ಸಿಸ್ಟರ್‌ಗಳೆಲ್ಲ ಬಂದು ಸುತ್ತ ನಿಂತು ಪ್ರೇಯರ್ ಮಾಡಿದರೂ ಕೊಡಂಗಿಲ್ಲ."

"ಕೊಟ್ಟರ?"

"ಕೊಟ್ಟರ ಇರ್ಲಿ ಬಿಡು," ಅಂದು ಮಜ್ಜಿಗೆ ಕುಡಿದು ಎದ್ದರು.

ಗಾಡಿಯ ಗುಣಗಳು ನನಗೆ ಗೊತ್ತಿಲ್ಲದ್ದೇನಲ್ಲ. ಹಿಂದಿನ ಬಾಗಿಲು ಸೊಂಟದಿಂದ ಒಮ್ಮೆ ಗುದ್ದದೆ ತೆರೆಯುವುದಿಲ್ಲ. ಎಡಕ್ಕೆ ತಿರುಗುವ ದೀಪ ಹಾಕಿದರೆ ವೈಪರ್ ಒಂದು ಸಲ ಆಡಿ ಸುಮ್ಮನಾಗುತ್ತದೆ. ಡೀಸೆಲ್ ಮುಳ್ಳು ಏರಿನಲ್ಲಿ ಅರ್ಧ ಟ್ಯಾಂಕ್ ಅನ್ನುತ್ತದೆ, ಇಳುಕಲಿನಲ್ಲಿ ಕಾಲು ಟ್ಯಾಂಕ್ ಅನ್ನುತ್ತದೆ. ಆ ಮುಳ್ಳನ್ನು ನಂಬಿದರೆ ಕೆಟ್ಟೆ ಎಂದು, ಟ್ಯಾಂಕ್ ಪೂರ್ತಿ ತುಂಬಿಸಿ ಓಡಿಸಿ, ಮತ್ತೆ ಅದೇ ಬಂಕಿನಲ್ಲಿ ತುಂಬಿಸಿ ಅಳೆಯೋಣ ಅಂದೆ. ಪೈಪು ಟಕ್ ಅಂದ ಕೂಡಲೇ ನಿಲ್ಲಿಸಬೇಕು, ಎರಡೂ ಸಲ ಒಂದೇ ಥರ ತುಂಬಿಸಬೇಕು ಎಂದು ದಾರಿಯುದ್ದಕ್ಕೂ ಹೇಳಿದ್ದೆ. ಬಂಕಿನಲ್ಲಿ ಟಕ್ ಅಂದಿತು. ಇವರು ಕೆಳಗಿಳಿದು ಗಾಡಿಯ ಹಿಂಬದಿಯನ್ನು ಎರಡೂ ಕೈಯಿಂದ ಗದಗದ ಅಲುಗಾಡಿಸಿ, "ಇನ್ನಷ್ಟು ಹಿಡಿತೈತಿ, ಹಾಕಪ್ಪಾ," ಅಂದರು. ಇವರದು ಹತ್ತಿ ಮಿಲ್ಲು, ಹತ್ತಿಯನ್ನು ಬೋರೆ ಚೀಲಕ್ಕೆ ತುಳಿದು ತುಳಿದು ತುಂಬಿಸಿದ ಮನೆತನ. ಡೀಸೆಲನ್ನೂ ಹಾಗೇ ತುಂಬಿಸಬಹುದು ಎಂದುಕೊಂಡಿದ್ದಾರೆ. ಆ ಸಲದ ಅಳತೆ ನೀರುಪಾಲಾಯಿತು.

ಮಾರನೆಯ ದಿನ ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ ಭಾಯಿ ಬಾನೆಟ್ ಎತ್ತಿ ಏರ್ ಫಿಲ್ಟರ್ ಹೊರಗೆಳೆದ. ಅದರ ಮಡಿಕೆ ಮಡಿಕೆಗಳಲ್ಲಿ ಹತ್ತಿಯ ಬಿಳಿ ಜುಂಗು, ಹಾಸಿಗೆ ಹರಿದಂತೆ. ಮಿಲ್ಲಿನ ಅಂಗಳದಲ್ಲೇ ಗಾಡಿ ನಿಲ್ಲುವುದು, ಬೇರೆ ಇನ್ನೇನು ಸಿಗಬೇಕು?

"ದೇಖೋ ಅಕ್ಕಾ," ಅಂದ, "ಗಾಡಿ ಮೂಗಿಗೆ ಹತ್ತಿ ಇಟ್ಟೀರಿ. ಉಸಿರು ಹೆಂಗ ಆಡ್ತೈತಿ ಪಾಪ?"

ಇವರು ನನ್ನ ಕಡೆ ನೋಡಿದರು, ನಾನೇ ಇಟ್ಟೆನೇನೋ ಎಂಬಂತೆ.

ಫಿಲ್ಟರ್ ಬದಲಾಯಿಸಿದ. ನಾಲ್ಕೂ ಟೈರಿಗೆ ಗಾಳಿ ಕಡಿಮೆಯಿತ್ತು, ತುಂಬಿಸಿದ. ಯಾವ ಕಾಲದಲ್ಲೋ ಒಂದು ಮದುವೆಗೆ ಸಾಮಾನು ಹೊರಲು ಕೂರಿಸಿದ್ದ ಮೇಲಿನ ಕಬ್ಬಿಣದ ಕ್ಯಾರಿಯರನ್ನು ನಾನು ಜಗಳವಾಡಿ ಇಳಿಸಿದೆ. ಬಂಕಿನವರಿಗೂ ಮೊದಲೇ ಹೇಳಿಟ್ಟು, ಇವರನ್ನು ಕೆಳಗೆ ಇಳಿಯಗೊಡದೆ ಅಳೆದೆ. ಎಂಟು ದಾಟಿತು. ಹತ್ತಕ್ಕೆ ಇನ್ನೂ ಸುಮಾರು ಎರಡು ಬೇಕು, ಉಳಿದದ್ದು ಎರಡು ವಾರ. ಅತ್ತೆ ದಿನಾ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಕಟ್ಟೆಗೆ ಬಂದು, "ಎಷ್ಟಾತವ್ವಾ?" ಎಂದು ಕೇಳುತ್ತಿದ್ದರು, ಜ್ವರ ನೋಡಿದವರನ್ನು ಕೇಳುವ ಹಾಗೆ.

ಆ ವಾರ ದೇವನಕೊಂಡದ ಕಡೆಗೆ ಹೊರಟೆವು. ಇವರಿಗೆ ಹತ್ತಿ ಕೊಡುವ ರೈತರನ್ನು ಕಾಣಬೇಕಿತ್ತು, ಅತ್ತೆಗೆ ನೆಂಟರನ್ನು ಕಾಣಬೇಕಿತ್ತು. ನಾನು ಮಧ್ಯದ ಸೀಟಿನಲ್ಲಿ ನೋಟ್‌ಬುಕ್ ಹಿಡಿದು ಕೂತೆ. ಮಾರ್ಜಿನ್ ಎಳೆದು, ಒಂದು ಕಡೆ ಓಡಿದ ನಿಮಿಷ, ಇನ್ನೊಂದು ಕಡೆ ಇಂಜಿನ್ ಚಾಲೂ ಇದ್ದು ನಿಂತ ನಿಮಿಷ.

"ಏನ್ ಬರ್ಕಂತಿ?" ಎಂದರು ಇವರು.

"ಸುಮ್ನ."

ಮೊದಲನೇ ಮನೆಯ ಮುಂದೆ ಗಾಡಿ ನಿಂತಿತು, ಇಂಜಿನ್ ನಿಲ್ಲಲಿಲ್ಲ. ಇವರು ಇಳಿದು ಹೋದರು. ಅಲ್ಲಿ ನಮ್ಮ ಹಾಗೆ ಕಟ್ಟೆ ಇಲ್ಲ, ಅತ್ತೆ ಇಳಿಯುವಂತಿಲ್ಲ. ಎಸಿಯ ತಣ್ಣನೆ ಗಾಳಿಯಲ್ಲಿ ಕಿಟಕಿಯ ಗಾಜು ಇಳಿಸಿ ಕೂತರು. ಮನೆಯವರೆಲ್ಲ ಒಬ್ಬೊಬ್ಬರಾಗಿ ಕಿಟಕಿಗೆ ಬಂದರು, ಚಹಾ ಕಿಟಕಿಗೆ ಬಂತು, ಹೊಸ ಸೊಸೆಯ ನಮಸ್ಕಾರವೂ ಕಿಟಕಿಗೇ ಬಂತು. ತಣ್ಣನೆ ಗಾಳಿಯೆಲ್ಲ ಹೊರಗಿನ ಬಿಸಿಲಿಗೆ ಹೋಯಿತು. ಮೂವತ್ತೆಂಟು ನಿಮಿಷ ಎಂದು ಬರೆದೆ.

ಎರಡನೇ ಮನೆಯಲ್ಲೂ ಇದೇ. ಇಂಜಿನ್ ಯಾಕೆ ಬಂದ್ ಮಾಡುವುದಿಲ್ಲ ಎಂದು ಇವರನ್ನು ಕೇಳಿದರೆ, "ಬ್ಯಾಟರಿ ಸರಿ ಇಲ್ಲ, ಮತ್ತ ಚಾಲೂ ಆಗಂಗಿಲ್ಲ," ಅಂದರು. ಬ್ಯಾಟರಿ ಹೊಸದು. ಅದನ್ನು ಹಾಕುವಾಗ ನಾನೂ ಅಲ್ಲೇ ಇದ್ದೆ.

ಮೂರನೇ ಮನೆಯಲ್ಲಿ ನಿಜ ಗೊತ್ತಾಯಿತು. ಆ ಮನೆಯ ಯಜಮಾನ ಅಂಗಳದಲ್ಲೇ ಇವರ ಕೈ ಹಿಡಿದುಕೊಂಡು, "ಉಣ್ಣದ ಹೋಗ್ತೀರೇನು? ಕೂಡ್ರಿ, ಅಕ್ಕಿ ಇಟ್ಟೇ ಬಿಟ್ಟಾರ," ಅಂದ. ಇವರು ಸಂಕೋಚದಿಂದ ಗಾಡಿಯ ಕಡೆ ಕೈ ತೋರಿಸಿ, "ಇಲ್ಲಪ್ಪಾ, ಗಾಡಿ ಚಾಲೂ ಐತಿ ನೋಡು, ಹೊಂಟೀವಿ," ಅಂದರು. ಆತ ಕೈ ಬಿಟ್ಟ. ನಾನು ಪೆನ್ನು ಬಿಟ್ಟೆ. ಇಂಜಿನ್ ಆಡುತ್ತಿದ್ದರೆ ಅದು ಒಂದು ನಿಮಿಷದ ಭೇಟಿ, ನಿಂತರೆ ಊಟ. ಇದು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿರುವ ಒಪ್ಪಂದ. ನನಗೆ ಮಾತ್ರ ಗೊತ್ತಿರಲಿಲ್ಲ. ಆ ಒಂದು ನಿಮಿಷದ ಭೇಟಿ ಅಂಗಳದಲ್ಲೇ ಇನ್ನೂ ಅರ್ಧ ಗಂಟೆ ನಡೆಯಿತು, ನಿಂತುಕೊಂಡೇ.

ಸಂಜೆ ಮನೆಗೆ ಬಂದು ಕೂಡಿಸಿದೆ. ಗಾಡಿ ಓಡಿದಷ್ಟೇ ಹೊತ್ತು ನಿಂತೂ ಕುಡಿದಿತ್ತು. ಇವರಿಗೆ ತೋರಿಸಿದೆ.

"ಅದಕ್ಕೇನ್ ಮಾಡ್ಬೇಕಂತಿ? ಹೋದ ಮನಿಯಾಗೆಲ್ಲ ಊಟ ಮಾಡ್ಲೇನು?"

"ಮಾಡ್ರಿ."

"ಅವ್ವನ್ನ ಬಿಸಿಲಾಗ ಕುಂದರಸ್ಲೇನು?"

ನೋಟ್‌ಬುಕ್ ಪಟ್ಟನೆ ಮುಚ್ಚಿದೆ. ಆ ಸಿಟ್ಟೇ ಹೆಚ್ಚಾಗಿ, ಕೊನೆಯ ವಾರ ಪೆದ್ದಹರಿವಾಣಕ್ಕೆ ಹೋದಾಗ ಮಾಡಿಯೇಬಿಟ್ಟೆ. ಅಲ್ಲಿ ಇವರ ಚಿಕ್ಕಪ್ಪನ ಮಗಳ ಮನೆ. ಇವರು ಎಂದಿನಂತೆ ಇಂಜಿನ್ ಬಿಟ್ಟು ಇಳಿದರು. ನಾನು ಸುತ್ತಿ ಬಂದು, ಬಲಗಡೆಯ ಬಾಗಿಲು ತೆಗೆದು, ಕೀಲಿ ತಿರುಗಿಸಿ ಕೈಯಲ್ಲಿ ಹಿಡಿದೆ. ಓಣಿಯೆಲ್ಲ ಒಮ್ಮೆಗೇ ನಿಶ್ಶಬ್ದವಾಯಿತು.

"ಕೆಟ್ಟಿತೇನವ್ವಾ?" ಎಂದರು ಅತ್ತೆ ಗಾಬರಿಯಿಂದ.

"ಇಲ್ಲ ಅತ್ತೀ, ನಾನೇ ಬಂದ್ ಮಾಡಿದೆ."

ಒಳಗಿನಿಂದ ನಾದಿನಿ ಸೆರಗಿಗೆ ಕೈ ಒರೆಸುತ್ತ ಓಡಿ ಬಂದಳು. ನನ್ನನ್ನು ಅತ್ತಿಗೆ ಅನ್ನದೆ ತೆಲುಗಿನಲ್ಲಿ ವದಿನಾ ಎಂದೇ ಕರೆಯುವವಳು. "ಗಾಡಿ ಬಂದ್ ಮಾಡ್ಯಾರ! ವದಿನಾ, ಹನ್ನೊಂದು ವರ್ಷ ಆತು ನಾನು ಈ ಮನಿಗೆ ಬಂದು, ಇವತ್ತು ನಮ್ಮಣ್ಣನ ಗಾಡಿ ಬಂದ್ ಆತು!"

"ನಿಮ್ಮ ದೊಡ್ಡವ್ವ ಇಳಿಯೋದು ಹೆಂಗಮ್ಮಾ?" ಎಂದೆ.

ಅವಳು ಗಾಡಿಯ ಮೆಟ್ಟಿಲನ್ನೂ ನೆಲವನ್ನೂ ಒಮ್ಮೆ ನೋಡಿದಳು. ಗೋಡೆಗೆ ಒರಗಿಸಿದ್ದ ಕಡಪಾ ಕಲ್ಲಿನ ತುಂಡೊಂದನ್ನು ಗಂಡನಿಂದ ಹೊರಿಸಿ, ನಾಲ್ಕು ಇಟ್ಟಂಗಿ ಇಟ್ಟು ಅದರ ಮೇಲೆ ಹಾಕಿಸಿದಳು. ಹಿಂದಿನಿಂದ ನಾನು, ಮುಂದಿನಿಂದ ಅವಳು. ಅತ್ತೆ ಮೊದಲು ಕಲ್ಲಿನ ಮೇಲೆ ಒಂದು ಕಾಲು ಇಟ್ಟು ಗಟ್ಟಿಯಿದೆಯೇ ಎಂದು ಒತ್ತಿ ನೋಡಿದರು, ಆಮೇಲೆ ಇನ್ನೊಂದು ಕಾಲು, ಆಮೇಲೆ ನೆಲ. ಯಾರೂ ಎಳೆಯಲಿಲ್ಲ, ಯಾರೂ ನಿಂತು ನೋಡಲಿಲ್ಲ. ಅಷ್ಟೇ ಕೆಲಸ. ಇಷ್ಟು ವರ್ಷ ಆ ತಾಯಿ ಪ್ರತಿ ಊರನ್ನೂ ಕಿಟಕಿಯಲ್ಲೇ ನೋಡಿದರಲ್ಲ! ನಮ್ಮಲ್ಲಿ ಒಬ್ಬರಿಗೂ ನಾಲ್ಕು ಇಟ್ಟಂಗಿ ಹೊಳೆಯಲಿಲ್ಲ. ಇವರ ಮೇಲೆ ಬಂದ ಸಿಟ್ಟು ಸುತ್ತಿ ನನ್ನ ಮೇಲೇ ಬಂತು.

ಇಂಜಿನ್ ನಿಲ್ಲಿಸಿ ನಿಲ್ಲಿಸಿಯೇ ತಿರುಗಿ, ತಿಂಗಳ ಕೊನೆಗೆ ಟ್ಯಾಂಕ್ ತುಂಬಿಸಿ ಅಳೆದಾಗ ಹತ್ತು ಬಂತು, ಹತ್ತರ ಮೇಲೆ ಸ್ವಲ್ಪವೇ. ಇವರು ತಾವೇ ಮತ್ತೊಮ್ಮೆ ಲೆಕ್ಕ ಮಾಡಿದರು, ಮೂಗು ಸವರಿಕೊಂಡರು, ಟೊಮೊಟೊ ವ್ಯಾಪಾರಿಗೆ ಫೋನ್ ಮಾಡಿ, "ಮನಿಯಾಗ ಒಪ್ಪವಲ್ರು," ಅಂದರು. ಅತ್ತೆಗೆ ಸುದ್ದಿ ಹೇಳಿದೆ. "ಆತಲ್ಲ," ಎಂದರು. ಹೋಗಬೇಕಾದ ಮನೆಗಳ ಹೆಸರು ಒಂದೊಂದಾಗಿ ಬೆರಳು ಮಡಚಿ ಹೇಳತೊಡಗಿದರು. ಎರಡೂ ಕೈಯ ಬೆರಳು ಸಾಲಲಿಲ್ಲ.

ಈಗ ನಮ್ಮ ಕಷ್ಟ ಬೇರೆ. ಕಡಪಾ ಕಲ್ಲಿನ ಒಂದು ತುಂಡೂ ನಾಲ್ಕು ಇಟ್ಟಂಗಿಯೂ ಗಾಡಿಯ ಹಿಂದೆಯೇ ಇವೆ, ಅವುಗಳ ಭಾರಕ್ಕೆ ಮೈಲೇಜ್ ಎಷ್ಟು ಇಳಿಯುತ್ತದೋ ಎಂದು ಇವರು ಗೊಣಗುತ್ತಾರೆ. ಅತ್ತೆ ಪ್ರತಿ ಮನೆಯಲ್ಲೂ ಇಳಿಯುತ್ತಾರೆ. ಇಳಿದವರು ಅಡುಗೆಮನೆ ನೋಡುತ್ತಾರೆ, ಹಿತ್ತಲು ನೋಡುತ್ತಾರೆ, ಉಣ್ಣುತ್ತಾರೆ. ಬೆಳಿಗ್ಗೆ ಹೊರಟರೆ ಮೂರು ಮನೆ ಎಂದು ಹೇಳಿದ್ದು ಒಂದೇ ಮನೆಗೆ ಮುಗಿಯುತ್ತದೆ. ಮಿಲ್ಲಿನಿಂದ ಇವರಿಗೆ ಫೋನಿನ ಮೇಲೆ ಫೋನು, ಮನೆಯಲ್ಲಿ ನಾನು ನೆನೆಹಾಕಿಟ್ಟ ಬೇಳೆ ಹುಳಿಯುತ್ತದೆ.

ಮೊನ್ನೆ ದೇವನಕೊಂಡದಲ್ಲಿ ಊಟ ಮುಗಿಸಿ ಅತ್ತೆ ಒಳಕೋಣೆಯಲ್ಲಿ ಫ್ಯಾನಿನ ಕೆಳಗೆ ಮಲಗಿಬಿಟ್ಟರು. ಇವರು ಗಾಡಿಯ ಬಾಗಿಲು ತೆರೆದು, ಕಾಲು ಹೊರಗೆ ಚಾಚಿ, ಟವೆಲಿನಿಂದ ಗಾಳಿ ಹಾಕಿಕೊಳ್ಳುತ್ತ ಕೂತಿದ್ದರು. "ಎರಡು ನಿಮಿಷ ಎಸಿ ಹಾಕ್ಕಂತೀನಿ, ಕೀಲಿ ಕೊಡು," ಅಂದರು. ಕೊಡಲಿಲ್ಲ. ಮನೆಯವರು ಹೊರಗೆ ಬಂದು, "ಸಂಜಿಗೆ ಉಗ್ಗಾಣಿ ಬಜ್ಜಿ ಮಾಡ್ತೀವಿ, ತಿಂದು ಹೋಗ್ರಿ," ಅಂದರು. ಇವರು ಅಭ್ಯಾಸಬಲದಿಂದ ಗಾಡಿಯ ಕಡೆ ಕೈ ಎತ್ತಿದರು, ಅದು ಸದ್ದಿಲ್ಲದೆ ನಿಂತಿತ್ತು, ಕೈ ಇಳಿಸಿದರು.

"ಅತ್ತಿ ಏಳ್ಲಿ, ನೋಡೋಣ," ಅಂದೆ ನಾನು.

ಅತ್ತೆ ಎದ್ದದ್ದು ಬಜ್ಜಿಯ ವಾಸನೆಗೆ.